ಹಲವು ಬ್ರ್ಯಾಂಡ್‌ಗಳ ವಾಲೆಟ್ ಪಾಸ್: ಸರ್ಟಿಫಿಕೇಟ್‌ಗಳನ್ನು ಎಡವದೆ ನಿಭಾಯಿಸುವುದು ಹೇಗೆ?

ಐಫೋನ್ ವಾಲೆಟ್‌ನಲ್ಲಿರುವ ಲಾಯಲ್ಟಿ ಕಾರ್ಡ್‌ನ ಸರ್ಟಿಫಿಕೇಟ್ (ಕಾರ್ಡ್ ಯಾರಿಂದ ಬಂದದ್ದು ಎಂದು ಖಾತ್ರಿಪಡಿಸುವ ಡಿಜಿಟಲ್ ಪ್ರಮಾಣಪತ್ರ) ಅವಧಿ ಮುಗಿದರೆ ಗ್ರಾಹಕರಿಗೆ ಏನೂ ಗೊತ್ತಾಗುವುದಿಲ್ಲ. ಕಾರ್ಡ್ ಅಲ್ಲೇ ಇರುತ್ತದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಆಗುತ್ತದೆ. ಪಾಯಿಂಟ್ ಮಾತ್ರ ಮೊನ್ನೆಯದ್ದೇ ತೋರಿಸುತ್ತಿರುತ್ತದೆ. ಹೊಸದಾಗಿ ಕಾರ್ಡ್ ಹಾಕಿಕೊಳ್ಳಲು ಹೋದವರಿಗೆ ಫೈಲ್ ತೆರೆಯುವುದೇ ಇಲ್ಲ. ಎರಡು ಸಲ ಒತ್ತಿ ನೋಡಿ ಸುಮ್ಮನಾಗುತ್ತಾರೆ. ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಒಂದೇ ಬ್ರ್ಯಾಂಡ್ ಇದ್ದರೆ ಹೇಗೋ ಕಣ್ಣಿಗೆ ಬೀಳುತ್ತದೆ. ಎಂಟು ಹತ್ತು ಬ್ರ್ಯಾಂಡ್‌ಗಳ ಪಾಸ್ (ವಾಲೆಟ್‌ನಲ್ಲಿ ಕೂರುವ ಇಂಥ ಕಾರ್ಡ್, ಕೂಪನ್‌ಗಳು) ನೀವೇ ನಡೆಸುತ್ತಿದ್ದರೆ, ಅದರಲ್ಲೊಂದು ನಿಂತುಹೋಗಿದೆ ಎಂದು ತಿಂಗಳ ನಂತರ ಗೊತ್ತಾದರೂ ಆಶ್ಚರ್ಯವಿಲ್ಲ.

ಹಲವು ಗಿರಾಕಿಗಳ ಪಾಸ್‌ಗಳನ್ನು ಒಂದೇ ಜಾಗದಿಂದ ನಡೆಸುವ ಚಿಕ್ಕ ತಂಡಗಳಿಗಾಗಿ ಇದನ್ನು ಬರೆದಿದ್ದೇನೆ. ಆಪಲ್ ವಾಲೆಟ್ ಬಗ್ಗೆ ಜಾಸ್ತಿ ಹೇಳುತ್ತೇನೆ, ತಲೆನೋವು ಇರುವುದು ಅಲ್ಲೇ. ಗೂಗಲ್ ವಾಲೆಟ್ ನಂತರ ಬರುತ್ತದೆ. ಕಮಾಂಡ್‌ಗಳನ್ನು ಅಕ್ಷರಕ್ಕೆ ಅಕ್ಷರ ಕೊಡುತ್ತಿಲ್ಲ. ಯಾವ ಉಪಕರಣದಲ್ಲಿ ಏನು ನೋಡಬೇಕು ಎಂದು ಹೇಳುತ್ತೇನೆ, ಉಳಿದದ್ದು ಆ ಉಪಕರಣದ ಹೆಲ್ಪ್ ಪುಟದಲ್ಲಿ ಸಿಗುತ್ತದೆ. ಉದಾಹರಣೆಗೆ ಮೂರು ಗಿರಾಕಿಗಳನ್ನು ಇಟ್ಟುಕೊಳ್ಳೋಣ: ಒಂದು ದರ್ಶಿನಿ ಹೋಟೆಲ್ ಸರಣಿ, ಒಂದು ರೇಷ್ಮೆ ಸೀರೆ ಅಂಗಡಿ, ಒಂದು ಜಿಮ್.

ಪಾಸ್ ಫೈಲ್ ಒಳಗೆ ಏನಿದೆ?

2012ರಲ್ಲಿ ಐಓಎಸ್ 6ರ ಜೊತೆ ಪಾಸ್‌ಬುಕ್ ಎಂಬ ಹೆಸರಲ್ಲಿ ಬಂದದ್ದೇ ಇವತ್ತಿನ ಆಪಲ್ ವಾಲೆಟ್. ಅದರ ಪಾಸ್ ಫೈಲ್‌ನ ಬಾಲಂಗೋಚಿ 'ಪಿಕೆಪಾಸ್'. ಅದು ಬರೀ ಒಂದು ಜಿಪ್ ಫೈಲ್. ಬಾಲಂಗೋಚಿ ಬದಲಿಸಿ ಬಿಚ್ಚಿ ನೋಡಿ. ಒಳಗೆ ಪಾಸ್.ಜೇಸನ್ ಇರುತ್ತದೆ, ಐಕಾನ್ ಮತ್ತು ಲೋಗೋ ಚಿತ್ರಗಳಿರುತ್ತವೆ, ಜೊತೆಗೆ ಮ್ಯಾನಿಫೆಸ್ಟ್.ಜೇಸನ್ ಮತ್ತು ಸಿಗ್ನೇಚರ್ ಎಂಬ ಎರಡು ಫೈಲ್. ಮ್ಯಾನಿಫೆಸ್ಟ್‌ನಲ್ಲಿ ಪ್ರತಿ ಫೈಲ್‌ನ ಎಸ್‌ಎಚ್‌ಎ-1 ಹ್ಯಾಶ್, ಅಂದರೆ ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ, ಬರೆದಿರುತ್ತದೆ. ಆ ಮ್ಯಾನಿಫೆಸ್ಟ್‌ಗೆ ಹಾಕಿದ ಸಹಿಯೇ ಸಿಗ್ನೇಚರ್ ಫೈಲ್. ಸಹಿಗೆ ಮೂರು ಬೇಕು: ನಿಮ್ಮ ಪ್ರೈವೇಟ್ ಕೀ (ಸಹಿ ಹಾಕುವ ಗುಟ್ಟಿನ ಕೀ), ಆಪಲ್ ಕೊಟ್ಟ ಪಾಸ್ ಟೈಪ್ ಐಡಿ ಸರ್ಟಿಫಿಕೇಟ್, ನಿಮ್ಮ ಸರ್ಟಿಫಿಕೇಟನ್ನು ಆಪಲ್‌ನ ಮೂಲ ಸರ್ಟಿಫಿಕೇಟ್‌ಗೆ ಬೆಸೆಯುವ ಆಪಲ್‌ನದ್ದೇ ಮಧ್ಯದ ಸರ್ಟಿಫಿಕೇಟ್ ಒಂದು. ಈ ಮಧ್ಯದ್ದನ್ನು ಎಲ್ಲರೂ ಡಬ್ಲ್ಯುಡಬ್ಲ್ಯುಡಿಆರ್ ಅಂತಲೇ ಕರೆಯುತ್ತಾರೆ.

ಪಾಸ್.ಜೇಸನ್‌ನಲ್ಲಿ ಪಾಸ್ ಟೈಪ್ ಐಡೆಂಟಿಫೈಯರ್ ಮತ್ತು ಟೀಮ್ ಐಡೆಂಟಿಫೈಯರ್ ಎಂಬ ಎರಡು ಸಾಲುಗಳಿವೆ. ಮೊದಲನೆಯದು (ಪಾಸ್ ಟೈಪ್ ಐಡಿ) ಯಾವ ಬಗೆಯ ಪಾಸ್ ಎಂದು ಹೇಳುತ್ತದೆ, ಎರಡನೆಯದು (ಟೀಮ್ ಐಡಿ) ಯಾವ ಡೆವಲಪರ್ ಖಾತೆಯದ್ದು ಎಂದು. ಇವೆರಡೂ ಸರ್ಟಿಫಿಕೇಟ್ ಒಳಗೆ ಬರೆದಿರುವುದಕ್ಕೆ ತಾಳೆಯಾಗಬೇಕು. ಒಂದಕ್ಷರ ತಪ್ಪಿದರೂ ಫೋನ್ ಪಾಸನ್ನು ತೆಗೆದುಕೊಳ್ಳುವುದಿಲ್ಲ.

ಹಂತ 1: ಖಾತೆ ಯಾರ ಹೆಸರಲ್ಲಿ?

ಎಲ್ಲಕ್ಕಿಂತ ಮುಂಚೆ ಇದನ್ನು ತೀರ್ಮಾನಿಸಿ. ಆಮೇಲೆ ಬದಲಿಸುವುದು ಬಹಳ ಕಷ್ಟ.

ಆಪಲ್ ಡೆವಲಪರ್ ಖಾತೆಗೆ ವರ್ಷಕ್ಕೆ 99 ಡಾಲರ್. ಕಂಪನಿ ಹೆಸರಲ್ಲಿ ತೆರೆಯಬೇಕಾದರೆ ಡಿ-ಯು-ಎನ್-ಎಸ್ ಸಂಖ್ಯೆ (ಕಂಪನಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಬೇಕು. ಇಷ್ಟು ರಗಳೆ ಯಾಕೆ ಎಂದು ಹಲವು ಏಜೆನ್ಸಿಗಳು ತಮ್ಮ ಒಂದೇ ಖಾತೆಯಲ್ಲಿ ಎಲ್ಲ ಗಿರಾಕಿಗಳ ಪಾಸ್ ಮಾಡಿಬಿಡುತ್ತವೆ. ಒಬ್ಬರ ರೇಷನ್ ಕಾರ್ಡ್‌ನಲ್ಲಿ ಹತ್ತು ಮನೆಯವರ ಹೆಸರು ಸೇರಿಸಿದ ಹಾಗೆ. ಎಲ್ಲರೂ ಚೆನ್ನಾಗಿರುವವರೆಗೆ ತೊಂದರೆಯಿಲ್ಲ.

ತೊಂದರೆ ಬರುವುದು ಸೀರೆ ಅಂಗಡಿಯವರು "ನಾವು ಬೇರೆ ಏಜೆನ್ಸಿಗೆ ಹೋಗ್ತೀವಿ" ಅಂದ ದಿನ. ಗ್ರಾಹಕರ ಫೋನ್‌ನಲ್ಲಿರುವ ಪಾಸ್ ನಿಮ್ಮ ಟೀಮ್ ಐಡಿಗೆ, ನಿಮ್ಮ ಪಾಸ್ ಟೈಪ್ ಐಡಿಗೆ ಅಂಟಿಕೊಂಡಿದೆ. ಒಂದು ಪಾಸನ್ನು ವಾಲೆಟ್ ಗುರುತಿಸುವುದು ಪಾಸ್ ಟೈಪ್ ಐಡಿ ಮತ್ತು ಸೀರಿಯಲ್ ನಂಬರ್ ಎರಡನ್ನೂ ಸೇರಿಸಿ. ಹೊಸ ಏಜೆನ್ಸಿ ತನ್ನ ಖಾತೆಯಿಂದ ಪಾಸ್ ಮಾಡಿದರೆ ಅದು ವಾಲೆಟ್‌ನ ಲೆಕ್ಕದಲ್ಲಿ ಬೇರೆಯೇ ಪಾಸ್. ಹಳೆಯದರ ಮೇಲೆ ಕೂರುವುದಿಲ್ಲ. ಸಾವಿರಾರು ಗ್ರಾಹಕರಿಗೆ ಮತ್ತೆ ಲಿಂಕ್ ಕಳಿಸಿ, ಮತ್ತೆ ಹಾಕಿಕೊಳ್ಳಿ ಎಂದು ಬೇಡಿಕೊಳ್ಳಬೇಕು. ಎಷ್ಟು ಜನ ಹಾಕಿಕೊಳ್ಳುತ್ತಾರೆ? ಲಾಯಲ್ಟಿ ಕೆಲಸ ಮಾಡಿದವರಿಗೆ ಗೊತ್ತು.

ಹಾಗಾಗಿ ನನ್ನ ಅಭಿಪ್ರಾಯ ನೇರ: ಸ್ವಲ್ಪ ದೊಡ್ಡ ಬ್ರ್ಯಾಂಡ್ ಆದರೆ ಖಾತೆ ಅವರದ್ದೇ ಇರಲಿ, ನಿಮ್ಮನ್ನು ಅದರಲ್ಲಿ ಅಡ್ಮಿನ್ ಆಗಿ ಸೇರಿಸಿಕೊಳ್ಳಲಿ. ವರ್ಷಕ್ಕೆ 99 ಡಾಲರ್ ಉಳಿಸಲು ಗಿರಾಕಿಯ ಗ್ರಾಹಕರನ್ನು ಒತ್ತೆ ಇಡುವುದು ಸರಿಯಲ್ಲ, ಅಲ್ವಾ? ತೀರಾ ಚಿಕ್ಕ ಅಂಗಡಿ, ಮೂರು ತಿಂಗಳ ಪ್ರಯೋಗ ಅಂದರೆ ನಿಮ್ಮ ಖಾತೆ ಸಾಕು. ಆದರೆ ಅದನ್ನು ಒಪ್ಪಂದದಲ್ಲಿ ಬರೆದಿಡಿ. ಆಪಲ್‌ನ ಡೆವಲಪರ್ ಒಪ್ಪಂದದಲ್ಲಿ ಪಾಸ್‌ಗಳಿಗೆಂದೇ ಒಂದು ಪ್ರತ್ಯೇಕ ಭಾಗವಿದೆ. ಸರ್ಟಿಫಿಕೇಟನ್ನು ಯಾರು ಬಳಸಬಹುದು, ಯಾರ ಬ್ರ್ಯಾಂಡ್ ಪಾಸ್ ಮೇಲೆ ಇರಬೇಕು ಎಂಬುದನ್ನೆಲ್ಲ ಅದು ಹೇಳುತ್ತದೆ. ಬೇರೆಯವರ ಪರವಾಗಿ ಪಾಸ್ ಮಾಡುವವರು ಅದನ್ನು ಓದದೆ ಕೈ ಹಾಕಬೇಡಿ.

ಗಿರಾಕಿಯ ಖಾತೆಯಾದರೆ ಇನ್ನೊಂದು ವಿಷಯ ಮೊದಲೇ ಹೇಳಿಬಿಡಿ. ಪಾಸ್ ಟೈಪ್ ಐಡಿ ಮತ್ತು ಸರ್ಟಿಫಿಕೇಟ್ ಮಾಡಲು ಅಕೌಂಟ್ ಹೋಲ್ಡರ್ ಅಥವಾ ಅಡ್ಮಿನ್ ಹಕ್ಕು ಬೇಕು. ಆಪಲ್ ತನ್ನ ಒಪ್ಪಂದವನ್ನು ಆಗಾಗ ಬದಲಿಸುತ್ತದೆ. ಹೊಸದಕ್ಕೆ ಅಕೌಂಟ್ ಹೋಲ್ಡರ್ ಒಬ್ಬರೇ ಒಪ್ಪಿಗೆ ಒತ್ತಬಹುದು. ಒತ್ತುವವರೆಗೆ ಸರ್ಟಿಫಿಕೇಟ್ ಕೆಲಸ ನಿಲ್ಲುತ್ತದೆ. ಆ ಅಕೌಂಟ್ ಹೋಲ್ಡರ್ ಅಂಗಡಿಯ ಹಿರಿಯ ಮಾಲೀಕರಾಗಿದ್ದು, ಅವರ ಮೇಲ್ ನೋಡುವುದು ಅಕೌಂಟೆಂಟ್ ಆಗಿದ್ದರೆ, ನವೀಕರಣದ ವಾರ ನಿಮಗೆ ಅವರ ಮನೆ ದಾರಿ ಬಾಯಿಪಾಠವಾಗುತ್ತದೆ.

ಹಂತ 2: ಬ್ರ್ಯಾಂಡ್‌ಗೊಂದು ಪಾಸ್ ಟೈಪ್ ಐಡಿ

ಪಾಸ್ ಟೈಪ್ ಐಡಿ ಯಾವಾಗಲೂ 'ಪಾಸ್' ಎಂಬ ಪದದಿಂದ ಶುರುವಾಗುತ್ತದೆ, ಆಮೇಲೆ ಡೊಮೇನ್ ಹೆಸರು ತಿರುಗುಮುರುಗಾಗಿ ಬರುತ್ತದೆ. ದರ್ಶಿನಿಗೆ 'ಪಾಸ್.ಇನ್.ದರ್ಶಿನಿ.ಲಾಯಲ್ಟಿ' ಎಂಬ ಮಾದರಿಯಲ್ಲಿ. ನಿಜವಾದದ್ದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು ಅನ್ನುವುದನ್ನು ಬೇರೆ ಹೇಳಬೇಕಿಲ್ಲ. ಡೊಮೇನ್ ಜಾಗದಲ್ಲಿ ನಿಮ್ಮ ಏಜೆನ್ಸಿ ಹೆಸರು ಬೇಡ, ಗಿರಾಕಿಯದ್ದೇ ಇರಲಿ.

ಒಂದೇ ಖಾತೆಯಾದರೂ ಐಡಿ ಮಾತ್ರ ಬ್ರ್ಯಾಂಡ್‌ಗೊಂದು ಇರಲೇಬೇಕು. ಕಾರಣ ಎರಡು. ಮೊದಲನೆಯದು ಚಿಕ್ಕದು: ಒಂದೇ ಪಾಸ್ ಟೈಪ್ ಐಡಿ, ಒಂದೇ ಶೈಲಿಯ ಪಾಸ್‌ಗಳನ್ನು ವಾಲೆಟ್ ಗುಂಪು ಮಾಡಬಹುದು. ದರ್ಶಿನಿಯ ಕೂಪನ್ ಹಿಂದೆ ಜಿಮ್ ಕೂಪನ್ ಅಡಗಿ ಕೂತರೆ ಇಬ್ಬರೂ ನಿಮಗೇ ಬೈಯುತ್ತಾರೆ. ಎರಡನೆಯದು ದೊಡ್ಡದು: ಒಬ್ಬರ ಕೀ ಸೋರಿಹೋದರೆ ಅದರ ಸರ್ಟಿಫಿಕೇಟ್ ರದ್ದು ಮಾಡಬೇಕಾಗುತ್ತದೆ. ಐಡಿ ಒಂದೇ ಆಗಿದ್ದರೆ ಮೂವರ ಪಾಸ್‌ಗಳೂ ಒಟ್ಟಿಗೆ ಹೋಗುತ್ತವೆ.

ಒಂದೇ ಬ್ರ್ಯಾಂಡ್‌ನಲ್ಲಿ ಲಾಯಲ್ಟಿ ಕಾರ್ಡ್, ಗಿಫ್ಟ್ ಕಾರ್ಡ್ ಎರಡೂ ಇದ್ದರೆ ಎರಡು ಐಡಿ ಬೇಕಾ? ಗಿಫ್ಟ್ ಕಾರ್ಡ್ ಅಂದರೆ ದುಡ್ಡು. ನಾನಾದರೆ ಬೇರೆ ಇಡುತ್ತೇನೆ. ಅದರಾಚೆಗೆ ಒಡೆಯುತ್ತಾ ಹೋದರೆ ಪ್ರತಿ ವರ್ಷ ನವೀಕರಿಸಬೇಕಾದ್ದು ಸುಮ್ನೆ ಜಾಸ್ತಿಯಾಗುತ್ತದೆ.

ಹಂತ 3: ಕೀ ಎಲ್ಲಿ ಹುಟ್ಟಬೇಕು?

ಸರ್ಟಿಫಿಕೇಟ್ ಪಡೆಯಲು ಮೊದಲು ಸಿಎಸ್‌ಆರ್ ಎಂಬ ಬೇಡಿಕೆ ಫೈಲ್ ಮಾಡಬೇಕು. ಅದನ್ನು ಮಾಡುವಾಗಲೇ ಪ್ರೈವೇಟ್ ಕೀ ಹುಟ್ಟುತ್ತದೆ. ಆಪಲ್‌ಗೆ ಹೋಗುವುದು ಬೇಡಿಕೆ ಮಾತ್ರ, ಕೀ ನಿಮ್ಮ ಹತ್ತಿರವೇ ಉಳಿಯುತ್ತದೆ. ಆಪಲ್‌ನಿಂದ ಇಳಿಸಿಕೊಂಡ ಸರ್ಟಿಫಿಕೇಟ್ ಫೈಲ್‌ನಲ್ಲಿ ಕೀ ಇರುವುದಿಲ್ಲ. ಇದೊಂದು ಮನಸ್ಸಲ್ಲಿದ್ದರೆ ಅರ್ಧ ಗೊಂದಲ ಹೋದ ಹಾಗೆ. "ಸರ್ಟಿಫಿಕೇಟ್ ಇದೆ, ಆದ್ರೆ ಸಹಿ ಆಗ್ತಿಲ್ಲ" ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವ ಕತೆ ಒಂದೇ: ಕೀ ಕೆಲಸ ಬಿಟ್ಟು ಹೋದವರ ಲ್ಯಾಪ್‌ಟಾಪ್‌ನಲ್ಲಿದೆ, ಆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿದೆ.

ಮ್ಯಾಕ್‌ನ ಕೀಚೈನ್ ಆ್ಯಕ್ಸೆಸ್‌ನಲ್ಲಿ ಸಿಎಸ್‌ಆರ್ ಮಾಡಬಹುದು, ಒಂದು ಬ್ರ್ಯಾಂಡ್‌ಗೆ ಅದು ಸಾಕು. ಹಲವು ಇದ್ದರೆ ಓಪನ್‌ಎಸ್‌ಎಸ್‌ಎಲ್ ಎಂಬ ಕಮಾಂಡ್ ಉಪಕರಣ ಬಳಸಿ. ಇದಕ್ಕೆ ಮ್ಯಾಕ್ ಬೇಕೇ ಬೇಕು ಎಂದು ತುಂಬ ಜನ ಅಂದುಕೊಂಡಿದ್ದಾರೆ, ಬೇಕಿಲ್ಲ. 2048 ಬಿಟ್‌ನ ಆರ್‌ಎಸ್‌ಎ ಕೀ, ಅದರಿಂದ ಒಂದು ಸಿಎಸ್‌ಆರ್, ಅಷ್ಟೇ. ಕೀಚೈನ್‌ನಲ್ಲೇ ಮಾಡುವುದಾದರೆ ಕಾಮನ್ ನೇಮ್ ಎಂಬಲ್ಲಿ ನಿಮ್ಮ ಹೆಸರು ಬರೆಯಬೇಡಿ. ಆಪಲ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಕೀಚೈನ್ ಅದೇ ಹೆಸರಲ್ಲಿ ಕೀ ಇಡುತ್ತದೆ. ಬ್ರ್ಯಾಂಡ್ ಹೆಸರು, ವರ್ಷ ಬರೆಯಿರಿ. ಇಲ್ಲದಿದ್ದರೆ ಎರಡು ವರ್ಷದ ನಂತರ ಕೀಚೈನ್ ತೆರೆದರೆ ನಿಮ್ಮದೇ ಹೆಸರಿನ ಹನ್ನೆರಡು ಕೀಗಳು ಸಾಲಾಗಿ ಕೂತಿರುತ್ತವೆ, ಯಾವುದು ಯಾರದ್ದೋ ಹೇಳಲಾಗದು.

ಪ್ರತಿ ಬ್ರ್ಯಾಂಡ್‌ಗೆ ಬೇರೆ ಕೀ. ಒಂದೇ ಸಿಎಸ್‌ಆರ್ ಅನ್ನು ಮೂರೂ ಕಡೆ ಅಪ್‌ಲೋಡ್ ಮಾಡಿದರೂ ಕೆಲಸ ನಡೆಯುತ್ತದೆ, ಅದೇ ಅಪಾಯ. ನಡೆಯುತ್ತದೆ ಅಂತ ಮಾಡಿದರೆ ಮೂವರ ಬಾಗಿಲಿಗೂ ಒಂದೇ ಕೀ ಆಗಿಬಿಡುತ್ತದೆ.

ಹುಟ್ಟಿದ ಕೀ ನೇರ ಒಂದು ಸೀಕ್ರೆಟ್ ಮ್ಯಾನೇಜರ್‌ಗೆ (ಕೀ, ಪಾಸ್‌ವರ್ಡ್‌ಗಳನ್ನು ಬೀಗ ಹಾಕಿಡುವ ಸೇವೆ) ಹೋಗಲಿ. ಎಡಬ್ಲ್ಯುಎಸ್, ಗೂಗಲ್ ಕ್ಲೌಡ್ ಎರಡರಲ್ಲೂ ಇದೆ, ಸ್ವಂತ ಸರ್ವರ್ ಇದ್ದವರಿಗೆ ಹ್ಯಾಶಿಕಾರ್ಪ್ ವಾಲ್ಟ್ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಪಿ12 ಫೈಲ್ (ಕೀ ಮತ್ತು ಸರ್ಟಿಫಿಕೇಟ್ ಒಟ್ಟಿಗಿರುವ ಫೈಲ್), ಅದರ ಕೆಳಗೇ ಪಾಸ್‌ವರ್ಡ್ ಕಳಿಸುವ ಪದ್ಧತಿ ನಿಲ್ಲಲಿ. ಗಿಟ್ ರೆಪೊದಲ್ಲಿ ಹಾಕಿ ಆಮೇಲೆ ಅಳಿಸಿದರೆ ಸಾಲದು, ಹಿಸ್ಟರಿಯಲ್ಲಿ ಅದು ಇದ್ದೇ ಇರುತ್ತದೆ.

ಒಂದು ಸಣ್ಣ ಕಿರಿಕಿರಿ: ಕೀಚೈನ್‌ನಿಂದ ತೆಗೆದ ಪಿ12 ಫೈಲನ್ನು ಓಪನ್‌ಎಸ್‌ಎಸ್‌ಎಲ್ 3ರಲ್ಲಿ ತೆರೆಯಲು ಹೋದರೆ ಅಲ್ಗಾರಿದಮ್‌ಗೆ ಬೆಂಬಲವಿಲ್ಲ ಎಂಬ ದೋಷ ಬರಬಹುದು. ಫೈಲ್ ಕೆಟ್ಟಿಲ್ಲ, ಪಾಸ್‌ವರ್ಡ್ ತಪ್ಪಿಲ್ಲ. ಆ ಪಿ12 ಹಳೆಯ ಗೂಢಲಿಪಿಯಲ್ಲಿದೆ. 'ಲೆಗಸಿ' ಎಂಬ ಆಯ್ಕೆ ಸೇರಿಸಿ ತೆರೆಯಿರಿ.

ಹಂತ 4: ಸರ್ಟಿಫಿಕೇಟನ್ನು ಓದಿ, ಪಟ್ಟಿ ಮಾಡಿ

ಫೈಲ್ ಹೆಸರನ್ನು ನಂಬಬೇಡಿ. 'ಪಾಸ್-ಫೈನಲ್-ನ್ಯೂ-2' ಎಂಬ ಫೈಲ್ ಒಳಗೆ ಏನಿದೆ ಎಂದು ಫೈಲೇ ಹೇಳಬೇಕು. ಓಪನ್‌ಎಸ್‌ಎಸ್‌ಎಲ್‌ನ ಎಕ್ಸ್509 ಕಮಾಂಡ್‌ಗೆ ಸರ್ಟಿಫಿಕೇಟ್ ಕೊಟ್ಟು ಸಬ್ಜೆಕ್ಟ್ (ಯಾರಿಗೆ ಕೊಟ್ಟದ್ದು), ಇಶ್ಯೂಯರ್ (ಯಾರು ಕೊಟ್ಟದ್ದು), ದಿನಾಂಕ ಕೇಳಿ. ಆಪಲ್‌ನಿಂದ ಬಂದ ಫೈಲ್ ಡಿಇಆರ್ ಎಂಬ ಬೈನರಿ ರೂಪದಲ್ಲಿರುತ್ತದೆ, ಅದನ್ನು ಪಿಇಎಂ ಎಂಬ ಪಠ್ಯ ರೂಪಕ್ಕೆ ಬದಲಿಸಿಕೊಂಡರೆ ಮುಂದಿನ ಕೆಲಸ ಸಲೀಸು. ಸಬ್ಜೆಕ್ಟ್ ಸಾಲಿನಲ್ಲಿ ಯುಐಡಿ ಎಂಬಲ್ಲಿ ಪಾಸ್ ಟೈಪ್ ಐಡಿ ಪೂರ್ತಿ ಇರುತ್ತದೆ. ಓಯು ಎಂಬಲ್ಲಿ ಹತ್ತು ಅಕ್ಷರದ ಟೀಮ್ ಐಡಿ. ಓ ಎಂಬಲ್ಲಿ ಖಾತೆಯ ಹೆಸರು. ಇಶ್ಯೂಯರ್ ಸಾಲಿನ ಓಯುದಲ್ಲಿ ಜಿ4 ಎಂದಿರುತ್ತದೆ, ಅದು ಯಾಕೆ ಮುಖ್ಯ ಎಂದು ಹಂತ 7ರಲ್ಲಿ ಹೇಳುತ್ತೇನೆ. ಕೊನೆಗೆ ಯಾವತ್ತಿನವರೆಗೆ ಎಂಬ ದಿನಾಂಕ. ಪಾಸ್ ಸರ್ಟಿಫಿಕೇಟ್ ಸುಮಾರು ಒಂದು ವರ್ಷದ್ದು. ಆ "ಸುಮಾರು" ನಂಬಿ ಕ್ಯಾಲೆಂಡರ್ ಹಾಕಬೇಡಿ, ಫೈಲ್‌ನಲ್ಲಿರುವ ದಿನಾಂಕವನ್ನೇ ಹಾಕಿ.

ಕೀ ಮತ್ತು ಸರ್ಟಿಫಿಕೇಟ್ ಜೋಡಿಯೇ ಹೌದೋ ಅಲ್ಲವೋ ನೋಡಲು ಎರಡರೊಳಗಿನ ಮಾಡ್ಯುಲಸ್ ಎಂಬ ದೊಡ್ಡ ಸಂಖ್ಯೆ ತೆಗೆದು ಹೋಲಿಸಿ. ಒಂದೇ ಇದ್ದರೆ ಜೋಡಿ, ಇಲ್ಲದಿದ್ದರೆ ಬೇರೆ ಯಾರದ್ದೋ ಕೀ.

ಇದನ್ನೆಲ್ಲ ಒಂದು ಶೀಟ್‌ನಲ್ಲಿ ಬರೆಯಿರಿ. ಅಲಂಕಾರ ಬೇಡ. ಸೀರೆ ಅಂಗಡಿಯ ಸಾಲು ಹೀಗಿರಬಹುದು: ಬ್ರ್ಯಾಂಡ್, ಪಾಸ್ ಟೈಪ್ ಐಡಿ, ಟೀಮ್ ಐಡಿ, ಸರ್ಟಿಫಿಕೇಟ್‌ನ ಸೀರಿಯಲ್ ಸಂಖ್ಯೆ, ಮುಗಿಯುವ ದಿನ, ಕೀ ಇರುವ ಸೀಕ್ರೆಟ್‌ನ ಹೆಸರು, ಆಪಲ್ ಖಾತೆಯ ಸದಸ್ಯತ್ವ ಮುಗಿಯುವ ದಿನ, ಅಕೌಂಟ್ ಹೋಲ್ಡರ್ ಯಾರು, ಅವರು ಸಿಗದಿದ್ದರೆ ಇನ್ನೊಬ್ಬರು ಯಾರು. ಕೀಯನ್ನಾಗಲಿ ಪಾಸ್‌ವರ್ಡನ್ನಾಗಲಿ ಶೀಟ್‌ನಲ್ಲಿ ಬರೆಯಬೇಡಿ, ಎಲ್ಲಿದೆ ಎಂಬುದನ್ನಷ್ಟೇ ಬರೆಯಿರಿ. ಕೊನೆಯ ಎರಡು ಕಾಲಂ ಬೇಡ ಅನ್ನಿಸಬಹುದು. ನನ್ನ ಪ್ರಕಾರ ಇಡೀ ಶೀಟ್‌ನಲ್ಲಿ ಅವೇ ಮುಖ್ಯ.

ಜ್ಞಾಪನೆಯ ಮೇಲ್ ಅನ್ನು ಆಪಲ್ ಕಳಿಸುತ್ತದೆ, ನಿಜ. ಅದು ಹೋಗುವುದು ಖಾತೆಯವರ ಇನ್‌ಬಾಕ್ಸ್‌ಗೆ, ನಿಮ್ಮ ಇನ್‌ಬಾಕ್ಸ್‌ಗಲ್ಲ. ದಿನಕ್ಕೊಮ್ಮೆ ಎಲ್ಲ ಸರ್ಟಿಫಿಕೇಟ್‌ಗಳ ದಿನಾಂಕ ಓದಿ, 45 ದಿನ ಉಳಿದಾಗ ಒಮ್ಮೆ, 30 ದಿನಕ್ಕೊಮ್ಮೆ, 14 ದಿನಕ್ಕೊಮ್ಮೆ ತಂಡದ ಚಾಟ್‌ಗೆ ಸಂದೇಶ ಹಾಕುವ ಚಿಕ್ಕ ಸ್ಕ್ರಿಪ್ಟ್ ಬರೆಯಿರಿ. ಅದು ಓದಬೇಕಾದ್ದು ಶೀಟನ್ನಲ್ಲ, ಸರ್ವರ್ ನಿಜವಾಗಿ ಬಳಸುತ್ತಿರುವ ಫೈಲನ್ನು. ಹೊಸ ಸರ್ಟಿಫಿಕೇಟ್ ಬಂದು ಶೀಟ್ ತಿದ್ದಿದ ಮೇಲೂ ಸರ್ವರ್‌ನಲ್ಲಿ ಹಳೆಯದೇ ಓಡುತ್ತಿರಬಹುದು.

ಹಂತ 5: ಕೋಡ್‌ನಲ್ಲಿ ಅಡ್ಡಗೋಡೆ

ದರ್ಶಿನಿಯ ಪಾಸ್‌ಗೆ ಜಿಮ್‌ನ ಕೀಯಿಂದ ಸಹಿ ಹಾಕಿದರೆ ಓಪನ್‌ಎಸ್‌ಎಸ್‌ಎಲ್ ಬೇಡ ಅನ್ನುವುದಿಲ್ಲ. ಸಹಿ ಗಣಿತದ ಲೆಕ್ಕದಲ್ಲಿ ಸರಿಯೇ ಇದೆ. ತಿರಸ್ಕರಿಸುವುದು ಗ್ರಾಹಕರ ಫೋನ್. ಹಾಗಾಗಿ ಈ ತಪಾಸಣೆಯನ್ನು ನೀವೇ ಮಾಡಿಕೊಳ್ಳಬೇಕು.

ಸರ್ಟಿಫಿಕೇಟ್ ಆರಿಸುವುದು ಬ್ರ್ಯಾಂಡ್ ಹೆಸರಿನಿಂದ ಬೇಡ, ಪಾಸ್ ಟೈಪ್ ಐಡಿಯಿಂದ ಆಗಲಿ. ಸರ್ವರ್ ಏಳುವಾಗ ಪ್ರತಿ ಸರ್ಟಿಫಿಕೇಟ್‌ನ ಯುಐಡಿ, ಓಯು ಓದಿ, ಕಾನ್ಫಿಗರೇಶನ್‌ನಲ್ಲಿರುವ ಐಡಿಗಳಿಗೆ ತಾಳೆ ನೋಡಲಿ. ಕೀ ಜೋಡಿ ಸರಿಯಿದೆಯಾ ನೋಡಲಿ. ತಾಳೆಯಾಗದಿದ್ದರೆ ಆ ಬ್ರ್ಯಾಂಡ್‌ಗೆ ಸಹಿ ಹಾಕಲು ನಿರಾಕರಿಸಿ ಗಟ್ಟಿಯಾಗಿ ಕೂಗಲಿ. ಉಳಿದ ಬ್ರ್ಯಾಂಡ್‌ಗಳು ನಡೆಯುತ್ತಿರಲಿ. ಒಬ್ಬರ ಸರ್ಟಿಫಿಕೇಟ್ ಕೆಟ್ಟರೆ ಇಡೀ ಸರ್ವರ್ ಏಳದಂತೆ ಬರೆಯುವುದೂ ತಪ್ಪೇ.

ಅಪ್‌ಡೇಟ್ ಹೋಗುವ ದಾರಿಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಮೂರು ಬೇರೆ ಸರ್ಟಿಫಿಕೇಟ್ ಕೆಲಸಗಳು ಒಂದರ ಹಿಂದೆ ಒಂದು ಬರುವುದು ಈ ದಾರಿಯಲ್ಲೇ. ಗ್ರಾಹಕರು ಒಂದು ಮಸಾಲೆ ದೋಸೆ ತಿಂದರು, ಹತ್ತು ಪಾಯಿಂಟ್ ಬಂತು. ನಿಮ್ಮ ಸರ್ವರ್, ಫೋನ್‌ಗಳಿಗೆ ಸೂಚನೆ ತಲುಪಿಸುವ ಆಪಲ್‌ನ ಪುಶ್ ಸೇವೆಗೆ ಒಂದು ಖಾಲಿ ಸಂದೇಶ ಕಳಿಸುತ್ತದೆ. ಆ ಸಂಪರ್ಕಕ್ಕೆ ಗುರುತಿನ ಚೀಟಿ ಅದೇ ಪಾಸ್ ಸರ್ಟಿಫಿಕೇಟ್. ಟಾಪಿಕ್ ಎಂಬಲ್ಲಿ ಪಾಸ್ ಟೈಪ್ ಐಡಿ. ಪಾಸ್‌ಗಳಿಗೆ ಪರೀಕ್ಷೆಯ ಸ್ಯಾಂಡ್‌ಬಾಕ್ಸ್ ಇಲ್ಲ, ಎಲ್ಲ ಪ್ರೊಡಕ್ಷನ್‌ಗೇ ಹೋಗುತ್ತದೆ. ಸಂದೇಶ ಸಿಕ್ಕಿದ ಫೋನ್ ನಿಮ್ಮ ಸರ್ವರ್‌ಗೆ ಬಂದು ಯಾವ ಪಾಸ್ ಬದಲಾಗಿದೆ ಎಂದು ಕೇಳುತ್ತದೆ. ಈ ಸಂಪರ್ಕ ಎಚ್‌ಟಿಟಿಪಿಎಸ್, ಅಂದರೆ ನಿಮ್ಮ ವೆಬ್ ಸರ್ವರ್‌ನ ಟಿಎಲ್‌ಎಸ್ ಸರ್ಟಿಫಿಕೇಟ್ (ವೆಬ್ ವಿಳಾಸದ ಗುರುತು ಖಾತ್ರಿಪಡಿಸುವುದು) ಜೀವಂತವಿರಬೇಕು. ಸೀರಿಯಲ್ ನಂಬರ್ ಸಿಕ್ಕ ಮೇಲೆ ಪಾಸ್‌ನೊಳಗಿನ ಆಥೆಂಟಿಕೇಶನ್ ಟೋಕನ್ ತೋರಿಸಿ ಹೊಸ ಪಾಸ್ ಫೈಲ್ ಕೇಳುತ್ತದೆ. ಆಗ ನೀವು ಮತ್ತೆ ಸಹಿ ಹಾಕಿ ಕೊಡುತ್ತೀರಿ. ಪುಶ್, ಟಿಎಲ್‌ಎಸ್, ಸಹಿ, ಯಾವುದು ಕೈಕೊಟ್ಟರೂ ಹೊರಗೆ ಕಾಣುವ ಲಕ್ಷಣ ಒಂದೇ: ಪಾಯಿಂಟ್ ಬದಲಾಗಲಿಲ್ಲ.

ಅದಕ್ಕೇ ಮೂರನ್ನೂ ಬೇರೆಬೇರೆಯಾಗಿ ಲಾಗ್ ಮಾಡಿ. ಪುಶ್‌ಗೆ ಬಂದ ಉತ್ತರ 410 ಆದರೆ ಆ ಫೋನ್‌ನಲ್ಲಿ ಈಗ ಪಾಸ್ ಇಲ್ಲ, ಆ ಫೋನ್‌ನ ವಿಳಾಸದಂತಿರುವ ಪುಶ್ ಟೋಕನ್ ಅಳಿಸಿ. 400ರ ಜೊತೆ 'ಡಿವೈಸ್ ಟೋಕನ್ ನಾಟ್ ಫಾರ್ ಟಾಪಿಕ್' ಎಂದು ಬಂದರೆ ಒಂದು ಬ್ರ್ಯಾಂಡ್‌ನ ಟೋಕನ್‌ಗೆ ಇನ್ನೊಂದು ಬ್ರ್ಯಾಂಡ್‌ನ ಸರ್ಟಿಫಿಕೇಟ್ ಬಳಸಿದ್ದೀರಿ. ಪುಶ್ ಟೋಕನ್ ಉಳಿಸುವಾಗ ಪಕ್ಕದಲ್ಲೇ ಪಾಸ್ ಟೈಪ್ ಐಡಿ ಉಳಿಸಿದ್ದರೆ ಇದು ಆಗುವುದೇ ಇಲ್ಲ. ಇನ್ನು ಫೋನ್ ತಾನೇ ಕಂಡ ದೋಷಗಳನ್ನು ನಿಮ್ಮ ಸರ್ವರ್‌ನ 'ಲಾಗ್' ವಿಳಾಸಕ್ಕೆ ಕಳಿಸುತ್ತದೆ. ಹಲವರು ಆ ವಿಳಾಸಕ್ಕೆ ಏನೂ ಬರೆಯದೆ ಖಾಲಿ ಬಿಟ್ಟಿರುತ್ತಾರೆ. ಪುಕ್ಕಟೆ ಸಿಗುವ ಮಾಹಿತಿ, ಬಿಡಬೇಡಿ.

ಟಿಎಲ್‌ಎಸ್ ವಿಷಯಕ್ಕೆ ಬಂದರೆ, ಅದನ್ನು ಕೈಯಿಂದ ನವೀಕರಿಸುವ ಕಾಲ ಮುಗಿಯುತ್ತಿದೆ. ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸರ್ಟಿಫಿಕೇಟ್ ಮೊದಲಿಂದ 90 ದಿನದ್ದು. ಸರ್ಟಿಫಿಕೇಟ್ ಕೊಡುವವರು ಮತ್ತು ಬ್ರೌಸರ್ ಕಂಪನಿಗಳ ಒಕ್ಕೂಟವಾದ ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಒಪ್ಪಿದ ನಿಯಮದಂತೆ ಸಾರ್ವಜನಿಕ ಟಿಎಲ್‌ಎಸ್ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಪಾಸ್ ಸರ್ಟಿಫಿಕೇಟ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಪಾಸ್‌ಗಳು ಮಾತಾಡುವ ಸರ್ವರ್‌ಗೆ ಅನ್ವಯಿಸುತ್ತದೆ. ನವೀಕರಣವನ್ನು ಯಂತ್ರಕ್ಕೆ ಬಿಟ್ಟುಬಿಡಿ.

ಹಾಗೇ, ಪ್ರತಿ ಬ್ರ್ಯಾಂಡ್‌ನ ಪಾಸ್‌ನಲ್ಲಿ ಹಾಕುವ ವೆಬ್ ಸರ್ವಿಸ್ ವಿಳಾಸ ಆ ಬ್ರ್ಯಾಂಡ್‌ನದ್ದೇ ಸಬ್‌ಡೊಮೇನ್ ಆಗಿರಲಿ. ಫೋನ್‌ನಲ್ಲಿರುವ ಪಾಸ್ ಆ ವಿಳಾಸವನ್ನೇ ಹುಡುಕಿಕೊಂಡು ಬರುತ್ತದೆ. ನಾಳೆ ಸರ್ವರ್ ಬದಲಾದರೆ ಡಿಎನ್‌ಎಸ್‌ನಲ್ಲಿ ಒಂದು ಸಾಲು ತಿದ್ದಿದರೆ ಮುಗಿಯಿತು.

ಹಂತ 6: ನವೀಕರಣ, ಮತ್ತು ಒತ್ತಬಾರದ ಆ ಬಟನ್

ಹಳೆಯ ಸರ್ಟಿಫಿಕೇಟ್ ಜೀವಂತವಿರುವಾಗಲೇ ಅದೇ ಪಾಸ್ ಟೈಪ್ ಐಡಿಗೆ ಹೊಸದನ್ನು ಮಾಡಬಹುದು. ಆದ್ದರಿಂದ ಕೊನೆಯ ದಿನದವರೆಗೆ ಕಾಯುವ ಅಗತ್ಯವೇ ಇಲ್ಲ. ಹೊಸ ಕೀ, ಹೊಸ ಸಿಎಸ್‌ಆರ್ ಮಾಡಿ. ಆಪಲ್‌ನ ಪುಟದಲ್ಲಿ ಅದೇ ಪಾಸ್ ಟೈಪ್ ಐಡಿ ತೆರೆದು ಅಪ್‌ಲೋಡ್ ಮಾಡಿ, ಸರ್ಟಿಫಿಕೇಟ್ ಇಳಿಸಿಕೊಳ್ಳಿ. ಹಂತ 4ರ ಹಾಗೆ ಓದಿ ನೋಡಿ. ಸೀಕ್ರೆಟ್ ಮ್ಯಾನೇಜರ್‌ನಲ್ಲಿ ಹೊಸ ಆವೃತ್ತಿಯಾಗಿ ಇಡಿ, ಹಳೆಯದನ್ನು ಅಳಿಸಬೇಡಿ. ಪಾಸ್‌ನ ಸೀರಿಯಲ್ ನಂಬರ್, ಆಥೆಂಟಿಕೇಶನ್ ಟೋಕನ್, ವೆಬ್ ಸರ್ವಿಸ್ ವಿಳಾಸ ಯಾವುದನ್ನೂ ಮುಟ್ಟಬೇಡಿ. ಪಾಸ್ ಟೈಪ್ ಐಡಿ ಅದೇ ಇರುವುದರಿಂದ ಹಳೆಯ ಪಾಸ್‌ಗಳಿಗೆ ಹೊಸ ಸಹಿಯ ಅಪ್‌ಡೇಟ್ ಆರಾಮಾಗಿ ಹೋಗುತ್ತದೆ, ಹಳೆಯ ಪುಶ್ ಟೋಕನ್‌ಗಳೂ ನಡೆಯುತ್ತವೆ.

ಪರೀಕ್ಷೆ ಎರಡು ಸಲ, ನಿಜವಾದ ಐಫೋನ್‌ನಲ್ಲಿ. ಒಂದು, ಹೊಸ ಪಾಸ್ ಹಾಕಿಕೊಳ್ಳುವುದು. ಎರಡು, ಹಳೆಯ ಸರ್ಟಿಫಿಕೇಟ್‌ನಿಂದ ಹಾಕಿಕೊಂಡಿದ್ದ ಪಾಸ್‌ಗೆ ಪಾಯಿಂಟ್ ಬದಲಿಸಿ ಅಪ್‌ಡೇಟ್ ಕಳಿಸುವುದು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಸಹಿ ಹಾಕುವ ಸರ್ವರ್‌ಗೆ ಹೊಸ ಸರ್ಟಿಫಿಕೇಟ್ ಹಾಕಿ, ಪುಶ್ ಕಳಿಸುವ ಸರ್ವರ್‌ನಲ್ಲಿ ಹಳೆಯದನ್ನೇ ಬಿಟ್ಟಿದ್ದರೆ ಅದು ಗೊತ್ತಾಗುವುದು ಎರಡನೆಯದರಲ್ಲಿ ಮಾತ್ರ. ಅದೂ ಪುಶ್ ಕಡೆ ಯಾವ ಸರ್ಟಿಫಿಕೇಟ್ ಹೋಯಿತು ಎಂದು ಲಾಗ್‌ನಲ್ಲಿ ನೋಡಿದರೆ. ಹಳೆಯದು ಇನ್ನೂ ಮುಗಿದಿಲ್ಲವಾದ್ದರಿಂದ ಅಪ್‌ಡೇಟ್ ಇವತ್ತು ಹೋಗಿಬಿಡುತ್ತದೆ, ನಿಲ್ಲುವುದು ಮುಂದಿನ ತಿಂಗಳು. ಇದಕ್ಕಾಗಿ ಪ್ರತಿ ಬ್ರ್ಯಾಂಡ್‌ನ ಒಂದೊಂದು ಪಾಸ್ ಹಾಕಿದ ಹಳೆಯ ಐಫೋನ್ ಒಂದನ್ನು ಆಫೀಸಿನ ಡ್ರಾಯರ್‌ನಲ್ಲಿ ಇಟ್ಟಿರಿ.

ಎಲ್ಲ ಸರಿಯಾದ ಮೇಲೆ ಹಳೆಯ ಸರ್ಟಿಫಿಕೇಟನ್ನು ಏನು ಮಾಡಬೇಕು? ಏನೂ ಮಾಡಬೇಡಿ. ತಾನಾಗೇ ಮುಗಿಯಲಿ. ಆಪಲ್‌ನ ಪುಟದಲ್ಲಿ ಅದರ ಪಕ್ಕ 'ರಿವೋಕ್' ಎಂಬ ಬಟನ್ ಇರುತ್ತದೆ, ಸ್ವಚ್ಛ ಮಾಡೋಣ ಎಂದು ಕೈ ತುರಿಸುತ್ತದೆ. ಅವಧಿ ಮುಗಿಯುವುದಕ್ಕೂ ರದ್ದಾಗುವುದಕ್ಕೂ ಇರುವ ವ್ಯತ್ಯಾಸವನ್ನು ಆಪಲ್ ಸ್ಪಷ್ಟವಾಗಿ ಹೇಳಿದೆ. ಅವಧಿ ಮುಗಿದರೆ ಈಗಾಗಲೇ ಫೋನ್‌ನಲ್ಲಿರುವ ಪಾಸ್‌ಗಳು ಮಾಮೂಲಿನಂತೆ ನಡೆಯುತ್ತವೆ, ಹೊಸ ಸಹಿ ಮತ್ತು ಅಪ್‌ಡೇಟ್ ಮಾತ್ರ ಆಗುವುದಿಲ್ಲ. ರದ್ದು ಮಾಡಿದರೆ ಪಾಸ್‌ಗಳೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೀ ನಿಜಕ್ಕೂ ಕಳುವಾಗಿದ್ದರೆ, ಯಾರೋ ನಕಲಿ ಗಿಫ್ಟ್ ಕಾರ್ಡ್ ಮಾಡುವ ಭಯವಿದ್ದರೆ ಆಗ ರದ್ದು ಮಾಡಿ. ಅದಕ್ಕೂ ಮೊದಲು ಹೊಸ ಸರ್ಟಿಫಿಕೇಟ್ ತಯಾರಿರಲಿ, ಎಲ್ಲ ಪಾಸ್‌ಗಳಿಗೂ ಹೊಸ ಸಹಿಯ ಅಪ್‌ಡೇಟ್ ತಳ್ಳಿ, ಗಿರಾಕಿಗೆ ಲಿಖಿತವಾಗಿ ತಿಳಿಸಿ.

ಹತ್ತು ಬ್ರ್ಯಾಂಡ್ ಇದ್ದರೆ ಎಲ್ಲವನ್ನೂ ಒಂದೇ ತಿಂಗಳಿಗೆ ತರಬೇಕೋ, ಹಂಚಬೇಕೋ? ಒಂದೇ ತಿಂಗಳಿಗೆ ತಂದರೆ ಕೆಲಸ ಒಮ್ಮೆಲೇ ಮುಗಿಯುತ್ತದೆ, ತಪ್ಪಾದರೆ ಹತ್ತೂ ಒಟ್ಟಿಗೆ ನಿಲ್ಲುತ್ತವೆ. ನನಗೆ ಎರಡು ಕಂತು ಇಷ್ಟ. ದಸರಾ, ದೀಪಾವಳಿ ಮಾರಾಟದ ಹೊತ್ತಿಗೆ ಯಾವುದೂ ಬೀಳದ ಹಾಗೆ ನೋಡಿಕೊಳ್ಳಿ. ಸೀರೆ ಅಂಗಡಿಗೆ ವರಮಹಾಲಕ್ಷ್ಮಿ ಹಬ್ಬದ ವಾರವೂ ಬೇಡ.

ಹಂತ 7: ಮಧ್ಯದ ಸರ್ಟಿಫಿಕೇಟ್

ಡಬ್ಲ್ಯುಡಬ್ಲ್ಯುಡಿಆರ್ ಫೈಲನ್ನು ಒಮ್ಮೆ ಇಳಿಸಿ ಪ್ರಾಜೆಕ್ಟ್‌ನಲ್ಲಿ ಹಾಕಿದರೆ ಆಮೇಲೆ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಅದಕ್ಕೂ ಅವಧಿ ಇದೆ. ಒಂದು 2016ರ ಫೆಬ್ರವರಿ 14ಕ್ಕೆ ಮುಗಿದಿತ್ತು, ಅದರ ನಂತರದ್ದು 2023ರ ಫೆಬ್ರವರಿ 7ಕ್ಕೆ. ಈಗ ಪಾಸ್ ಸರ್ಟಿಫಿಕೇಟ್‌ಗಳು ಬರುವುದು ಜಿ4 ಎಂಬುದರಿಂದ, ಅದರ ಅವಧಿ 2030ರ ಡಿಸೆಂಬರ್ 10. ನಿಮ್ಮ ಸರ್ಟಿಫಿಕೇಟ್‌ನ ಇಶ್ಯೂಯರ್‌ನಲ್ಲಿ ಯಾವ ಜಿ ಇದೆಯೋ ಅದೇ ಮಧ್ಯದ ಸರ್ಟಿಫಿಕೇಟ್ ಸಹಿಯಲ್ಲಿ ಇರಬೇಕು. ಹಳೆಯ ಬ್ಲಾಗ್‌ನಿಂದ ನಕಲು ಮಾಡಿದ ಫೈಲ್ ಬೇಡ, ಆಪಲ್‌ನ ಸರ್ಟಿಫಿಕೇಟ್ ಅಥಾರಿಟಿ ಪುಟದಿಂದಲೇ ಇಳಿಸಿ.

ಇನ್ನೊಂದು ಕಡೆ, ಆಪಲ್‌ನ ಪುಶ್ ಸರ್ವರ್ ತನ್ನ ಗುರುತು ತೋರಿಸುವ ಸರ್ಟಿಫಿಕೇಟನ್ನೂ ಬದಲಿಸುತ್ತದೆ. 2025ರ ಫೆಬ್ರವರಿ 24ರಿಂದ ಪ್ರೊಡಕ್ಷನ್ ಪುಶ್ ಯೂಸರ್‌ಟ್ರಸ್ಟ್ ಆರ್‌ಎಸ್‌ಎ ಎಂಬ ರೂಟ್ (ಮೂಲ) ಸರ್ಟಿಫಿಕೇಟ್‌ಗೆ ಹೋಯಿತು. ಹಳೆಯ ಡಾಕರ್ ಇಮೇಜ್‌ನಲ್ಲಿ (ಸರ್ವರ್‌ನ ಸಾಫ್ಟ್‌ವೇರ್ ಕಟ್ಟಿಟ್ಟ ಪ್ಯಾಕೇಜ್) ನಂಬುವ ರೂಟ್ ಸರ್ಟಿಫಿಕೇಟ್‌ಗಳ ಪಟ್ಟಿ ಹಳೆಯದಾಗಿದ್ದರೆ ಸಂಪರ್ಕವೇ ಆಗುವುದಿಲ್ಲ. ನಿಮ್ಮ ಸರ್ಟಿಫಿಕೇಟ್ ಎಷ್ಟೇ ತಾಜಾ ಇದ್ದರೂ ಪ್ರಯೋಜನವಿಲ್ಲ.

ಹಂತ 8: ಗೂಗಲ್ ವಾಲೆಟ್

ಗೂಗಲ್ ವಾಲೆಟ್ ಭಾರತಕ್ಕೆ ಬಂದದ್ದು 2024ರ ಮೇ 8ರಂದು. ಏರ್ ಇಂಡಿಯಾ, ಪಿವಿಆರ್ ಐನಾಕ್ಸ್, ಕೊಚ್ಚಿ ಮೆಟ್ರೊ ಮುಂತಾದವರ ಜೊತೆ. ಇಲ್ಲಿ ಪಾಸ್ ಟೈಪ್ ಸರ್ಟಿಫಿಕೇಟ್ ಇಲ್ಲ, ವರ್ಷಕ್ಕೊಮ್ಮೆ ಮುಗಿಯುವ ತಲೆಬಿಸಿಯೂ ಇಲ್ಲ. ಪಾಸ್‌ನ ಮಾಹಿತಿ ಗೂಗಲ್ ಸರ್ವರ್‌ನಲ್ಲೇ ಇರುತ್ತದೆ. ನಿಮಗೆ ಬೇಕಾದದ್ದು ಒಂದು ಇಶ್ಯೂಯರ್ ಐಡಿ (ಪಾಸ್ ಕೊಡುವವರ ಗುರುತು), ಗೂಗಲ್ ಕ್ಲೌಡ್‌ನ ಒಂದು ಸರ್ವಿಸ್ ಅಕೌಂಟ್ (ಪ್ರೋಗ್ರಾಂಗಳಿಗೆಂದೇ ಇರುವ ಖಾತೆ), ಅದರ ಜೇಸನ್ ಕೀ. ಆ ಸರ್ವಿಸ್ ಅಕೌಂಟನ್ನು ಗೂಗಲ್ ಪೇ ಮತ್ತು ವಾಲೆಟ್ ಕನ್ಸೋಲ್‌ನಲ್ಲಿ ಬಳಕೆದಾರರಾಗಿ ಸೇರಿಸಬೇಕು. 'ಆ್ಯಡ್ ಟು ಗೂಗಲ್ ವಾಲೆಟ್' ಲಿಂಕ್‌ನ ಜೆಡಬ್ಲ್ಯುಟಿಗೆ (ಪಾಸ್‌ನ ವಿವರ ಹೊತ್ತ ಟೋಕನ್) ಅದೇ ಕೀಯಿಂದ ಸಹಿ.

ಇಲ್ಲಿಯೂ ಬ್ರ್ಯಾಂಡ್‌ಗೊಂದು ಇಶ್ಯೂಯರ್, ಬ್ರ್ಯಾಂಡ್‌ಗೊಂದು ಸರ್ವಿಸ್ ಅಕೌಂಟ್ ಇರಲಿ. ಕ್ಲಾಸ್ ಐಡಿಗಳು (ಪಾಸ್‌ಗಳ ಅಚ್ಚಿನ ಗುರುತು) ಇಶ್ಯೂಯರ್ ಐಡಿಯಿಂದಲೇ ಶುರುವಾಗುವುದರಿಂದ ಆಮೇಲೆ ಬೇರೆ ಮಾಡುವುದು ಇಲ್ಲೂ ಕಷ್ಟವೇ. 2024ರ ಮೇ ನಂತರ ತೆರೆದ ಕ್ಲೌಡ್ ಆರ್ಗನೈಸೇಶನ್‌ಗಳಲ್ಲಿ ಸರ್ವಿಸ್ ಅಕೌಂಟ್ ಕೀ ಮಾಡುವುದು ಮೊದಲೇ ಬಂದ್ ಆಗಿರುತ್ತದೆ, ಅಡ್ಮಿನ್ ಹತ್ತಿರ ನೀತಿ ಬದಲಿಸಿಕೊಳ್ಳಬೇಕು.

ಜೇಸನ್ ಕೀಗೆ ಸಾಮಾನ್ಯವಾಗಿ ಕೊನೆಯ ದಿನ ಇರುವುದಿಲ್ಲ. ಅದೇ ಅದರ ದೋಷ, ಹತ್ತು ವರ್ಷ ಯಾರೂ ಬದಲಿಸದೆ ಬಿದ್ದಿರಬಹುದು. ಆಪಲ್ ನವೀಕರಣ ಮಾಡುವ ದಿನವೇ ಆ ಬ್ರ್ಯಾಂಡ್‌ನ ಗೂಗಲ್ ಕೀಯನ್ನೂ ಬದಲಿಸುವ ಅಭ್ಯಾಸ ಮಾಡಿಕೊಳ್ಳಿ. ಹೊಸ ಕೀ ಹಾಕಿದ ಮೇಲೆ ಹಳೆಯದನ್ನು ತಕ್ಷಣ ಡಿಲೀಟ್ ಮಾಡಬೇಡಿ. ಹಳೆಯ ಇಮೇಲ್, ಎಸ್ಸೆಮ್ಮೆಸ್‌ಗಳಲ್ಲಿ ಕಳಿಸಿದ ಲಿಂಕ್‌ಗಳಿಗೆ ಸಹಿ ಇರುವುದು ಹಳೆಯ ಕೀಯದ್ದು. ಮೊದಲು ಡಿಸೇಬಲ್ ಮಾಡಿ. ದೂರು ಬಂದರೆ ಮತ್ತೆ ಎನೇಬಲ್ ಮಾಡಬಹುದು, ಡಿಲೀಟ್ ಮಾಡಿದರೆ ಆ ದಾರಿ ಇಲ್ಲ.

ಪಾಸ್ ತೆರೆಯದಿದ್ದರೆ

ಐಫೋನ್ ಗ್ರಾಹಕರಿಗೆ ಕಾರಣ ಹೇಳುವುದಿಲ್ಲ. ಫೋನನ್ನು ಮ್ಯಾಕ್‌ಗೆ ಜೋಡಿಸಿ, ಕನ್ಸೋಲ್ ಆ್ಯಪ್ ತೆರೆದು, 'ಪಾಸ್‌ಡಿ' ಎಂಬ ಪ್ರೋಸೆಸ್‌ನ ಸಾಲುಗಳನ್ನು ಮಾತ್ರ ಸೋಸಿ, ಆಮೇಲೆ ಪಾಸ್ ತೆರೆಯಿರಿ. ಕಾರಣ ಅಲ್ಲಿ ಬಂದಿರುತ್ತದೆ. ನೋಡಬೇಕಾದ ಕ್ರಮ ಹೀಗೆ: ಪಾಸ್.ಜೇಸನ್‌ನ ಎರಡು ಐಡಿಗಳು ಸರ್ಟಿಫಿಕೇಟ್‌ಗೆ ತಾಳೆಯಾಗಿವೆಯಾ, ಸರ್ಟಿಫಿಕೇಟ್ ಜೀವಂತವಿದೆಯಾ, ಮಧ್ಯದ್ದು ಸರಿಯಾದ ಜಿ ಆಗಿದೆಯಾ, ಸಹಿ ಹಾಕಿದ ಮೇಲೆ ಯಾರಾದರೂ ಚಿತ್ರ ಬದಲಿಸಿ ಹ್ಯಾಶ್ ಕೆಟ್ಟಿದೆಯಾ, ಐಕಾನ್ ಫೈಲ್ ಇದೆಯಾ. ಇದೆಲ್ಲ ಸರಿಯಿದ್ದೂ ಸಫಾರಿಯಲ್ಲಿ ತೆರೆಯದಿದ್ದರೆ ಸರ್ವರ್ ಕಳಿಸುತ್ತಿರುವ ಕಂಟೆಂಟ್ ಟೈಪ್ ನೋಡಿ. ಜಿಪ್ ಎಂದು ಹೋಗುತ್ತಿದ್ದರೆ ಫೋನ್ ಅದನ್ನು ಪಾಸ್ ಎಂದು ಗುರುತಿಸುವುದಿಲ್ಲ, ಆಪಲ್‌ನ ಪಿಕೆಪಾಸ್ ಟೈಪನ್ನೇ ಕಳಿಸಬೇಕು. ಜಿಪ್ ಮಾಡುವಾಗ ಫೈಲ್‌ಗಳನ್ನು ಒಂದು ಫೋಲ್ಡರ್ ಒಳಗೆ ಸೇರಿಸಿ ಸುತ್ತಿದ್ದರೂ ಪಾಸ್ ತೆರೆಯುವುದಿಲ್ಲ. ಫೈಲ್‌ಗಳೆಲ್ಲ ಜಿಪ್‌ನ ಮೇಲ್ಮಟ್ಟದಲ್ಲೇ ಇರಬೇಕು.